ಕಪ್ ಗೆದ್ದ 16ನೇ ದಿನ ಕೆಲಸ ಹೋಯಿತು, ಮುಂದಿನ ಕೆಲಸ 39 ದಿನಕ್ಕೆ: ಆಂಜ್ ಪೊಸ್ಟೆಕೊಗ್ಲು ವಿಷಯದಲ್ಲಿ ಆಗಿದ್ದೇನು?

ಅಕ್ಟೋಬರ್ 18, 2025, ಶನಿವಾರ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಫುಟ್‌ಬಾಲ್ ತಂಡ ತನ್ನದೇ ಮೈದಾನದಲ್ಲಿ ಚೆಲ್ಸಿ ಎದುರು 0-3ರಿಂದ ಸೋತಿತು. ರೆಫ್ರಿ ಕೊನೆಯ ಸೀಟಿ ಊದಿ 20 ನಿಮಿಷ ಕೂಡ ಆಗಿರಲಿಲ್ಲ. ಮ್ಯಾನೇಜರ್, ಅಂದರೆ ತಂಡದ ಮುಖ್ಯ ಕೋಚ್, ಆಂಜ್ ಪೊಸ್ಟೆಕೊಗ್ಲು ಅವರನ್ನು ಕೆಲಸದಿಂದ ತೆಗೆದಿದ್ದೇವೆ ಎಂದು ಕ್ಲಬ್ ಪ್ರಕಟಿಸಿಬಿಟ್ಟಿತು. ಅವರು ಸೇರಿ ಆಗ 39 ದಿನ. ಇಂಗ್ಲೆಂಡಿನ ಅತಿ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗ್‌ನಲ್ಲಿ ಕಾಯಂ ಆಗಿ ನೇಮಕವಾದ ಮ್ಯಾನೇಜರ್ ಒಬ್ಬರು ಇಷ್ಟು ಬೇಗ ಮನೆಗೆ ಹೋದದ್ದು ಇದೇ ಮೊದಲು.

ಇಷ್ಟೇ ಆಗಿದ್ದರೆ ಸೋತರು, ಹೋದರು ಅನ್ನಬಹುದಿತ್ತು. ಆದರೆ ಇದೇ ಮನುಷ್ಯ ಐದು ತಿಂಗಳ ಹಿಂದೆ, ಮೇ 21ರಂದು, ಲಂಡನ್ನಿನ ಟಾಟನ್‌ಹ್ಯಾಮ್ ತಂಡಕ್ಕೆ ಯುರೋಪಿನ ಕ್ಲಬ್‌ಗಳ ಎರಡನೇ ದೊಡ್ಡ ಟೂರ್ನಿಯಾದ ಯುರೋಪಾ ಲೀಗ್ ಗೆದ್ದುಕೊಟ್ಟಿದ್ದರು. 17 ವರ್ಷ ಒಂದೂ ಕಪ್ ನೋಡದ ಕ್ಲಬ್ ಅದು. ಯುರೋಪಿನ ಕಪ್ ಅಂತೂ 1984ರ ನಂತರ ಬಂದೇ ಇರಲಿಲ್ಲ. ಲಂಡನ್ನಿನ ಬೀದಿಯಲ್ಲಿ ತೆರೆದ ಬಸ್ಸಿನ ಮೆರವಣಿಗೆ ಆಯಿತು. ಜೂನ್ 6ರಂದು, ಅಂದರೆ ಕಪ್ ಬಂದ 16ನೇ ದಿನ, ಅದೇ ಕ್ಲಬ್ ಅವರನ್ನು ತೆಗೆದುಹಾಕಿತು.

ಗೆದ್ದಾಗಲೂ ತೆಗೆದರು, ಸೋತಾಗಲೂ ತೆಗೆದರು. ಹಾಗಾದರೆ ಈ ಆಟದಲ್ಲಿ ಮ್ಯಾನೇಜರ್‌ನ ಕೆಲಸವನ್ನು ಯಾವುದರಿಂದ ಅಳೆಯುತ್ತಾರೆ? ಉತ್ತರ ಸಿಗಬೇಕಾದರೆ ಈ ಮನುಷ್ಯ ಬಂದ ದಾರಿ, ನಂಬಿದ ಆಟ, ಆ ಎರಡು ಕ್ಲಬ್‌ಗಳ ಒಳಗಿನ ಲೆಕ್ಕ, ಮೂರನ್ನೂ ನೋಡಬೇಕು.

ಗ್ರೀಸಿನವರೋ, ಆಸ್ಟ್ರೇಲಿಯಾದವರೋ?

ಪತ್ರಿಕೆಗಳಲ್ಲಿ ಒಮ್ಮೆ ಗ್ರೀಕ್ ಎಂದಿರುತ್ತದೆ, ಒಮ್ಮೆ ಆಸ್ಟ್ರೇಲಿಯನ್ ಎಂದಿರುತ್ತದೆ. ಎರಡೂ ಸರಿ. ಆಂಗೆಲೊಸ್ ಪೊಸ್ಟೆಕೊಗ್ಲು ಹುಟ್ಟಿದ್ದು 1965ರಲ್ಲಿ, ಅಥೆನ್ಸ್‌ನ ನೇಯಾ ಫಿಲಡೆಲ್ಫಿಯಾ ಬಡಾವಣೆಯಲ್ಲಿ. ಈಗಿನ ಟರ್ಕಿಯ ನೆಲ ಬಿಟ್ಟು ನಿರಾಶ್ರಿತರಾಗಿ ಬಂದ ಗ್ರೀಕರು 1920ರ ದಶಕದಲ್ಲಿ ಕಟ್ಟಿಕೊಂಡ ಬಡಾವಣೆ ಅದು. ಅವರ ಹೆಸರಿನ ಕೊನೆಯಲ್ಲಿರುವ 'ಒಗ್ಲು' ಕೂಡ ಟರ್ಕಿ ಭಾಷೆಯ ಮಾತೇ. ಮಗ ಎಂದು ಅದರ ಅರ್ಥ.

1967ರಲ್ಲಿ ಗ್ರೀಸ್‌ನಲ್ಲಿ ಸೇನಾಧಿಕಾರಿಗಳು ಆಡಳಿತ ಕಿತ್ತುಕೊಂಡರು. ಅದಾದ ಮೇಲೆ ಅಪ್ಪನ ವ್ಯಾಪಾರ ಕೈಬಿಟ್ಟು ಹೋಯಿತು. 1970ರಲ್ಲಿ ಕುಟುಂಬ ಹಡಗು ಹತ್ತಿ ಮೆಲ್ಬರ್ನ್ ಸೇರಿತು. ಹುಡುಗನಿಗೆ ಆಗ ಐದು ವರ್ಷ. ಭಾಷೆ ಗೊತ್ತಿಲ್ಲದ ಊರಲ್ಲಿ ದಿನವಿಡೀ ದುಡಿಯುತ್ತಿದ್ದ ಅಪ್ಪ ವಾರಕ್ಕೊಮ್ಮೆ ಮಗನನ್ನು ಮಿಡಲ್ ಪಾರ್ಕ್ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಗ್ರೀಕ್ ವಲಸಿಗರು ಕಟ್ಟಿದ ಸೌತ್ ಮೆಲ್ಬರ್ನ್ ಹೆಲ್ಲಾಸ್ ಕ್ಲಬ್ ಆಡುತ್ತಿದ್ದದ್ದು ಅಲ್ಲೇ. ಅಲ್ಲಿಗೆ ಬಂದವರಿಗೆ ಆಟದ ಜೊತೆಗೆ ತಮ್ಮ ಭಾಷೆ, ತಮ್ಮ ಊಟ, ತಮ್ಮೂರಿನ ಸುದ್ದಿ ಎಲ್ಲ ಸಿಗುತ್ತಿತ್ತು. ಮುಂಬೈಯ ಕನ್ನಡ ಸಂಘಕ್ಕೋ ದುಬೈಯ ಕನ್ನಡ ಕೂಟಕ್ಕೋ ವಾರದ ಕೊನೆಗೆ ಹೋಗುವವರಿಗೆ ಈ ಸೆಳೆತ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಕ್ಲಬ್‌ಗೆ ಅವರು 1984ರಿಂದ 1993ರವರೆಗೆ ಆಡಿದರು. ಎಡಬದಿಯ ಡಿಫೆಂಡರ್. ನಾಯಕನೂ ಆದರು. ಎರಡು ಸಲ ರಾಷ್ಟ್ರೀಯ ಲೀಗ್ ಗೆದ್ದರು, ಆಸ್ಟ್ರೇಲಿಯಾ ಪರ ನಾಲ್ಕು ಪಂದ್ಯ ಆಡಿದರು. ಮೊಣಕಾಲು ಕೈಕೊಟ್ಟಿತು. 27ನೇ ವಯಸ್ಸಿಗೆ ಆಟ ನಿಂತಿತು.

ಡಿಫೆಂಡರ್‌ನ ತಲೆಗೆ ಹೊಕ್ಕ ದಾಳಿಯ ಆಟ

ಜೀವನವಿಡೀ ಗೋಲು ತಡೆದವರು ಮ್ಯಾನೇಜರ್ ಆದ ಮೇಲೆ ಗೋಲು ತಡೆಯುವುದನ್ನೇ ಎರಡನೇ ಸಾಲಿಗೆ ಹಾಕಿದರಲ್ಲ, ಅದಕ್ಕೆ ಒಂದು ಕಾರಣ 1989ರಲ್ಲಿ ಮೆಲ್ಬರ್ನ್‌ಗೆ ಬಂದಿಳಿಯಿತು. ಹಂಗೇರಿಯ ಫೆರೆಂಕ್ ಪುಷ್ಕಾಶ್! 85 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 84 ಗೋಲು ಹೊಡೆದವರು, ರಿಯಲ್ ಮ್ಯಾಡ್ರಿಡ್‌ನ ದಂತಕಥೆ. ಅವರು ಸೌತ್ ಮೆಲ್ಬರ್ನ್‌ನ ಕೋಚ್ ಆಗಿ ಬಂದರು. ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಆದರೆ ಗ್ರೀಸ್‌ನಲ್ಲಿ ಪನಾಥಿನೈಕೋಸ್ ತಂಡವನ್ನು 1971ರ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಫೈನಲ್‌ವರೆಗೆ ಕರೆದೊಯ್ದವರಾದ್ದರಿಂದ ಗ್ರೀಕ್ ಗೊತ್ತಿತ್ತು. ತಂಡದ ನಾಯಕನಿಗೂ ಗ್ರೀಕ್ ಗೊತ್ತಿತ್ತು. ಹಾಗಾಗಿ ಪುಷ್ಕಾಶ್ ಮಾತನ್ನು ತಂಡಕ್ಕೆ ದಾಟಿಸುವುದು, ಅವರನ್ನು ತನ್ನ ಕಾರಿನಲ್ಲಿ ಕರೆದುಕೊಂಡು ಓಡಾಡುವುದು, ಎರಡೂ ಪೊಸ್ಟೆಕೊಗ್ಲು ಪಾಲಿಗೆ ಬಂದವು. ಎದುರಾಳಿ ಎಷ್ಟು ಗೋಲು ಹೊಡೆದರೂ ನಾವು ಅದಕ್ಕಿಂತ ಒಂದು ಜಾಸ್ತಿ ಹೊಡೆಯೋಣ ಅನ್ನುವುದು ಪುಷ್ಕಾಶ್ ದಾರಿ. ಆ ತಂಡ 1991ರಲ್ಲಿ ಲೀಗ್ ಗೆದ್ದಿತು. ಕಾರಿನಲ್ಲಿ ಕೇಳಿದ ಪಾಠ ಕೇಳಿದವನಲ್ಲಿ ಉಳಿದುಬಿಟ್ಟಿತು.

ಆ ಆಟ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ

ಸಾಮಾನ್ಯವಾಗಿ ತಂಡಗಳು ಡಿಫೆಂಡರ್‌ಗಳನ್ನು ತಮ್ಮ ಗೋಲಿನ ಹತ್ತಿರ ನಿಲ್ಲಿಸುತ್ತವೆ. ಪೊಸ್ಟೆಕೊಗ್ಲು ತಂಡದಲ್ಲಿ ಆ ಸಾಲು ಹೆಚ್ಚುಕಡಿಮೆ ಮೈದಾನದ ನಡುಗೆರೆಯವರೆಗೆ ಮುಂದೆ ಬಂದಿರುತ್ತದೆ. ಎರಡು ಬದಿಯ ಡಿಫೆಂಡರ್‌ಗಳು ಇನ್ನೂ ಮುಂದೆ ಹೋಗಿ ನಡುಮೈದಾನದಲ್ಲಿ ಚೆಂಡು ಕೇಳುತ್ತಿರುತ್ತಾರೆ. ಚೆಂಡು ಕಳೆದುಕೊಂಡರೆ ಹಿಂದಕ್ಕೆ ಓಡುವ ಹಾಗಿಲ್ಲ. ಅಲ್ಲೇ, ಆ ಕ್ಷಣದಲ್ಲೇ ಎದುರಾಳಿಯ ಮೇಲೆ ಮುಗಿಬಿದ್ದು ಕಸಿದುಕೊಳ್ಳಬೇಕು.

ಲಾಭ ಏನು? ಮೈದಾನ ಚಿಕ್ಕದಾಗುತ್ತದೆ. ಎದುರಾಳಿಗೆ ಉಸಿರಾಡಲು ಜಾಗ ಸಿಗುವುದಿಲ್ಲ. ಅವರ ಮುಂದಿನ ಸಾಲಿನವರು ನಮ್ಮ ಡಿಫೆಂಡರ್‌ಗಳ ಬೆನ್ನಹಿಂದೆ ಮೊದಲೇ ಹೋಗಿ ನಿಂತು ಪಾಸ್ ಪಡೆದರೆ ಆಫ್‌ಸೈಡ್, ಅಂದರೆ ನಿಯಮದ ಪ್ರಕಾರ ತಪ್ಪು. ಚೆಂಡು ಪದೇಪದೇ ಅವರ ಗೋಲಿನ ಹತ್ತಿರವೇ ನಮ್ಮ ಕಾಲಿಗೆ ಸಿಗುತ್ತದೆ. ನೋಡುವವರಿಗೂ ಇದು ಹಬ್ಬ.

ಆದರೆ ಡಿಫೆಂಡರ್‌ಗಳ ಬೆನ್ನಹಿಂದೆ 40-50 ಮೀಟರ್ ಖಾಲಿ ನೆಲ ಬಿದ್ದಿರುತ್ತದೆ. ಕ್ರಿಕೆಟ್‌ನಲ್ಲಿ ವಿಕೆಟ್ ಬೇಕೆಂದು ಎಲ್ಲ ಫೀಲ್ಡರ್‌ಗಳನ್ನೂ ಬ್ಯಾಟರ್ ಸುತ್ತ ನಿಲ್ಲಿಸಿದಾಗ ಬೌಂಡರಿ ಖಾಲಿ ಇರುತ್ತದಲ್ವಾ, ಹಾಗೆ. ಬೌಲರ್ ಒಂದು ಚೆಂಡು ತಪ್ಪಿದರೆ ನಾಲ್ಕು ರನ್. ಇಲ್ಲಿ ಮುಂದಿನ ಸಾಲಿನವರು ಎರಡು ಸೆಕೆಂಡ್ ತಡವಾಗಿ ಮುಗಿಬಿದ್ದರೆ ಎದುರಾಳಿ ತಲೆಯೆತ್ತಿ ನೋಡಿ ಉದ್ದನೆಯ ಪಾಸ್ ಕೊಡುತ್ತಾನೆ. ಆಮೇಲೆ ಅದು ಓಟದ ಪಂದ್ಯ. ಆ ಓಟ ಗೆಲ್ಲುವ ಡಿಫೆಂಡರ್ ಬೇಕು. ಗೋಲಿನಿಂದ ಆಚೆ ಬಂದು ಚೆಂಡು ಹೊಡೆಯಬಲ್ಲ ಕೀಪರ್ ಬೇಕು. 90 ನಿಮಿಷ ಓಡುವ ಕಾಲುಗಳು ಹನ್ನೊಂದೂ ಜನರಿಗೆ ಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಇಡೀ ಸರಪಳಿ ಹೋಗುತ್ತದೆ. ಬೇರೆ ಶೈಲಿಗಳಲ್ಲಿ ಒಬ್ಬನ ಕೊರತೆಯನ್ನು ಇನ್ನೊಬ್ಬ ಮುಚ್ಚಬಹುದು. ಇದರಲ್ಲಿ ಅದು ಬಹಳ ಕಷ್ಟ.

ಇಂಥ ಆಟ ಎರಡು ವಾರದಲ್ಲಿ ಮೈಗೆ ಹತ್ತುವುದಿಲ್ಲ. ಮೊದಮೊದಲು ಸೋಲು ಖಚಿತ. ಅವರ ಹಿಂದಿನ ಕೆಲಸಗಳಲ್ಲಿ ಹೆಚ್ಚಿನವು ಇದನ್ನೇ ತೋರಿಸುತ್ತವೆ.

ಎರಡನೇ ವರ್ಷದ ಬೆಳೆ

ಮ್ಯಾನೇಜರ್ ಆಗಿ ಅವರ ಶುರು ಚೆನ್ನಾಗಿತ್ತು. ತಮ್ಮದೇ ಸೌತ್ ಮೆಲ್ಬರ್ನ್‌ಗೆ ಸತತ ಎರಡು ಲೀಗ್ ಗೆದ್ದುಕೊಟ್ಟರು. 2000ದಲ್ಲಿ ಬ್ರೆಜಿಲ್‌ನಲ್ಲಿ ನಡೆದ ಕ್ಲಬ್ ವಿಶ್ವ ಟೂರ್ನಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ತಂಡ ಇಳಿಸಿದರು. ಆಮೇಲೆ ಆಸ್ಟ್ರೇಲಿಯಾದ ಕಿರಿಯರ ತಂಡಗಳ ಹೊಣೆ, 2007ರಲ್ಲಿ ಅದರಿಂದ ಹೊರಗೆ. 2008ರಲ್ಲಿ ಹುಟ್ಟಿದ ದೇಶಕ್ಕೆ ಹೋಗಿ ಪಾತ್ರಾ ಊರಿನ ಪನಾಹೈಕಿ ಎಂಬ ಕೆಳದರ್ಜೆ ಕ್ಲಬ್ ನೋಡಿಕೊಂಡರು. ಅದೂ ವರ್ಷ ತುಂಬುವ ಮೊದಲೇ ಮುಗಿಯಿತು. ಆಗ ಅವರನ್ನು ಬಹುತೇಕ ಎಲ್ಲರೂ ಮರೆತಿದ್ದರು.

2009ರ ಅಕ್ಟೋಬರ್‌ನಲ್ಲಿ ಬ್ರಿಸ್ಬೇನ್ ರೋರ್ ಕರೆಯಿತು. ಮೊದಲ ಋತುವಿನಲ್ಲಿ ಹತ್ತು ತಂಡಗಳಲ್ಲಿ ಒಂಬತ್ತನೇ ಸ್ಥಾನ. ಮುಂದಿನ ಋತುವಿನಲ್ಲಿ ಚಾಂಪಿಯನ್. ಅದರ ಮುಂದಿನದರಲ್ಲೂ ಚಾಂಪಿಯನ್. ನಡುವೆ ಸತತ 36 ಪಂದ್ಯ ಸೋಲೇ ಇಲ್ಲ. 2011ರ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ 0-2 ಹಿಂದಿದ್ದ ತಂಡ ಕೊನೆಯ ಮೂರ್ನಾಲ್ಕು ನಿಮಿಷದಲ್ಲಿ ಎರಡು ಗೋಲು ಹೊಡೆದು, ಪೆನಾಲ್ಟಿಯಲ್ಲಿ ಗೆದ್ದಿತು. 120ನೇ ನಿಮಿಷದಲ್ಲಿ ತಲೆಯಿಂದ ಸಮಬಲದ ಗೋಲು ಹೊಡೆದವರು ಎರಿಕ್ ಪಾರ್ಟಲು. ಬೆಂಗಳೂರಿನ ಫುಟ್‌ಬಾಲ್ ಪ್ರಿಯರಿಗೆ ಈ ಹೆಸರು ಚೆನ್ನಾಗಿ ಗೊತ್ತು. 2017ರಲ್ಲಿ ಬೆಂಗಳೂರು ಎಫ್‌ಸಿ ಸೇರಿ, 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಗೆದ್ದ ತಂಡದ ನಡುಮೈದಾನ ಹಿಡಿದಿದ್ದ ಎತ್ತರದ ಮನುಷ್ಯ ಅವರೇ. ಕಂಠೀರವದ ಗ್ಯಾಲರಿಯಲ್ಲಿ ಕೂತವರು ನೋಡಿದ್ದು ಪೊಸ್ಟೆಕೊಗ್ಲು ಗರಡಿಯಲ್ಲಿ ಪಳಗಿದ ಆಟಗಾರನನ್ನು.

ಜಪಾನಿನ ಯೊಕೊಹಾಮಾದಲ್ಲಿ ಕಥೆ ಹೆಚ್ಚುಕಡಿಮೆ ಇದೇ. 2018ರಲ್ಲಿ 12ನೇ ಸ್ಥಾನ, ಕೆಳದರ್ಜೆಗೆ ಜಾರುವ ಭಯ. 2019ರಲ್ಲಿ ಚಾಂಪಿಯನ್, ಅದೂ 15 ವರ್ಷದ ನಂತರ. ಸ್ಕಾಟ್ಲೆಂಡಿನ ಸೆಲ್ಟಿಕ್‌ನಲ್ಲಿ 2021ರಲ್ಲಿ ಮೊದಲ ಆರು ಲೀಗ್ ಪಂದ್ಯಗಳಲ್ಲಿ ಮೂರು ಸೋಲು. ಡೆನ್ಮಾರ್ಕ್‌ನ ಮಿಡ್‌ಯೂಲೆನ್ ಎಂಬ ತಂಡದ ಎದುರು ಸೋತು, ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಬಾಗಿಲೂ ಮುಚ್ಚಿತು. ಕ್ಲಬ್ ತಾಳ್ಮೆಯಿಂದ ಕಾಯಿತು. ಎರಡು ವರ್ಷದಲ್ಲಿ ದೇಶದೊಳಗಿನ ಆರು ಕಪ್‌ಗಳಲ್ಲಿ ಐದು ಸೆಲ್ಟಿಕ್ ಪಾಲಾದವು. ನಡುವೆ 2015ರಲ್ಲಿ ಆಸ್ಟ್ರೇಲಿಯಾ ತಂಡಕ್ಕೆ ಏಷ್ಯನ್ ಕಪ್ ಕೂಡ ಗೆದ್ದುಕೊಟ್ಟಿದ್ದರು.

ಇದರ ಆಧಾರದ ಮೇಲೆಯೇ 2024ರ ಸೆಪ್ಟೆಂಬರ್‌ನಲ್ಲಿ ಅವರು ಒಂದು ಮಾತು ಹೇಳಿದರು: ಎರಡನೇ ವರ್ಷ ನಾನು ಏನಾದರೂ ಗೆದ್ದೇ ಗೆಲ್ಲುತ್ತೇನೆ. ಅನೇಕರು ಇದನ್ನು ಜಂಬ ಎಂದುಕೊಂಡರು. ಅವರ ದಾಖಲೆ ನೋಡಿದರೆ ಅದು ಇದ್ದದ್ದನ್ನು ಇದ್ದ ಹಾಗೆ ಹೇಳಿದ ಮಾತು.

ಟಾಟನ್‌ಹ್ಯಾಮ್: ಒಂದೇ ಋತು, ಎರಡು ಲೆಕ್ಕ

2023ರ ಜೂನ್ 6ರಂದು ಅವರು ಟಾಟನ್‌ಹ್ಯಾಮ್‌ಗೆ ಬಂದರು. ಪ್ರೀಮಿಯರ್ ಲೀಗ್‌ನಲ್ಲಿ ಆಸ್ಟ್ರೇಲಿಯಾದಿಂದ ಬಂದ ಮೊದಲ ಮ್ಯಾನೇಜರ್. ಋತು ಶುರುವಾಗುವಾಗಲೇ ತಂಡದ ಜೀವಾಳವಾಗಿದ್ದ ಹ್ಯಾರಿ ಕೇನ್ ಬಯರ್ನ್ ಮ್ಯೂನಿಕ್‌ಗೆ ಹೋದರು. ಆದರೂ ಮೊದಲ ಹತ್ತು ಪಂದ್ಯಗಳಲ್ಲಿ ಎಂಟು ಗೆಲುವು, ಎರಡು ಡ್ರಾ, 26 ಅಂಕ. ಅಂಕಪಟ್ಟಿಯ ತುದಿಗೆ ಹೋದ ತಂಡ ನೋಡಿ ಅಭಿಮಾನಿಗಳು ಹಾಡು ಕಟ್ಟಿದರು.

ನವೆಂಬರ್ 6, 2023ರ ರಾತ್ರಿ ಚೆಲ್ಸಿ ಎದುರಿನ ಪಂದ್ಯ ದೊಡ್ಡ ತಿರುವು. ಟಾಟನ್‌ಹ್ಯಾಮ್‌ನ ಇಬ್ಬರಿಗೆ ಕೆಂಪು ಕಾರ್ಡ್, ಅಂದರೆ ಮೈದಾನದಿಂದ ಹೊರಗೆ. ಅತಿ ವೇಗದ ಡಿಫೆಂಡರ್ ಮಿಕಿ ವಾನ್ ಡೆ ವೆನ್ ಮತ್ತು ಆಟ ಕಟ್ಟುವ ಜೇಮ್ಸ್ ಮ್ಯಾಡಿಸನ್ ಗಾಯಗೊಂಡು ಆಚೆ. ಒಂಬತ್ತೇ ಜನ ಉಳಿದರೂ ಪೊಸ್ಟೆಕೊಗ್ಲು ಡಿಫೆನ್ಸ್ ಸಾಲನ್ನು ನಡುಗೆರೆಯಿಂದ ಹಿಂದೆ ಸರಿಸಲಿಲ್ಲ. 1-4ರಿಂದ ಸೋತರು. ಆ ರಾತ್ರಿ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆದರೆ ಉಳಿದ ತಂಡಗಳ ಕೋಚ್‌ಗಳು ಆ ಪಂದ್ಯವನ್ನು ಕುಳಿತು ಅಧ್ಯಯನ ಮಾಡಿರುತ್ತಾರೆ ಅನ್ನುವುದರಲ್ಲಿ ಸಂಶಯ ಬೇಡ. ಈ ತಂಡವನ್ನು ಎಲ್ಲಿ ಹೊಡೆಯಬೇಕು ಎಂಬುದು ಅಲ್ಲಿ ಬಿಡಿಬಿಡಿಯಾಗಿ ಕಾಣುತ್ತಿತ್ತು. ಆ ಋತು ಐದನೇ ಸ್ಥಾನದಲ್ಲಿ ಮುಗಿಯಿತು.

ಎರಡನೇ ಋತು ವಿಚಿತ್ರವಾದದ್ದು. ಗಾಯಗಳು ಸಾಲುಗಟ್ಟಿ ಬಂದವು. ವಾನ್ ಡೆ ವೆನ್, ಕ್ರಿಸ್ಟಿಯನ್ ರೊಮೆರೊ, ಗೋಲ್‌ಕೀಪರ್ ವಿಕಾರಿಯೊ, ಎಲ್ಲರೂ ತಿಂಗಳುಗಟ್ಟಲೆ ಹೊರಗೆ. ನಡುಮೈದಾನದ 18 ವರ್ಷದ ಆರ್ಚಿ ಗ್ರೇ ಅವರನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಬೇಕಾಯಿತು. ಈಗ ಮೇಲಿನ ಸರಪಳಿಯನ್ನು ನೆನಪಿಸಿಕೊಳ್ಳಿ. ಓಟ ಗೆಲ್ಲುವವರು ಇಲ್ಲ, ಆಚೆ ಬಂದು ತಡೆಯುವ ಕೀಪರ್ ಇಲ್ಲ. ಸಾಲು ಮಾತ್ರ ನಡುಗೆರೆಯಲ್ಲೇ. 38 ಪಂದ್ಯಗಳಲ್ಲಿ 22 ಸೋಲು, 38 ಅಂಕ, 20 ತಂಡಗಳ ಲೀಗ್‌ನಲ್ಲಿ 17ನೇ ಸ್ಥಾನ. ಅದಕ್ಕಿಂತ ಒಂದು ಸ್ಥಾನ ಕೆಳಗಿದ್ದರೆ ಎರಡನೇ ದರ್ಜೆಗೆ ಇಳಿಯಬೇಕಿತ್ತು. ಆ ವರ್ಷ ಕೆಳಗಿನ ಮೂರು ತಂಡಗಳು ತೀರಾ ದುರ್ಬಲ ಇದ್ದವು. ಹಾಗಾಗಿ ನಿಜವಾದ ಅಪಾಯ ಬರಲಿಲ್ಲ.

ಗಾಯಕ್ಕೆ ಅವರ ಆಟವೇ ಕಾರಣವೋ, ಗಾಯದಿಂದಾಗಿ ಅವರ ಆಟ ಕೆಟ್ಟಿತೋ? ಇಲ್ಲಿ ಎರಡು ವಾದ ಇದೆ. ಇಷ್ಟು ಓಡಿಸಿದರೆ ತೊಡೆಯ ಸ್ನಾಯು ಹರಿಯದೆ ಇರುತ್ತದಾ ಎನ್ನುವುದು ಒಂದು. ಯುರೋಪಿನ ಪಂದ್ಯಗಳೂ ಸೇರಿ ವಾರಕ್ಕೆರಡು ಪಂದ್ಯ ಆಡುವ ತಂಡಕ್ಕೆ ಬೇಕಾದಷ್ಟು ಆಟಗಾರರನ್ನು ಕ್ಲಬ್ ಕೊಡಲಿಲ್ಲ ಎನ್ನುವುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಆದರೆ ಗಾಯಾಳುಗಳ ಪಟ್ಟಿ ಉದ್ದವಾದಾಗಲೂ ಲೀಗ್‌ನಲ್ಲಿ ಆಟ ಬದಲಿಸದೆ ಹಟ ಹಿಡಿದದ್ದು ಮ್ಯಾನೇಜರ್ ತೀರ್ಮಾನ. ಅದರ ಹೊಣೆ ಅವರದ್ದೇ.

ಬಿಲ್ಬಾವೊದಲ್ಲಿ ಬದಲಾದದ್ದು

ಇಡೀ ಕಥೆಯಲ್ಲಿ ಅತಿ ಮುಖ್ಯ ಅನ್ನಿಸುವ ಸಂಗತಿ ಇಲ್ಲಿದೆ. ಮೇ 21ರ ಫೈನಲ್ ಸ್ಪೇನ್‌ನ ಬಿಲ್ಬಾವೊದಲ್ಲಿ, ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ. ಮ್ಯಾಡಿಸನ್, ಕುಲುಸೆವ್‌ಸ್ಕಿ, ಬರ್ಗ್‌ವಾಲ್, ಆಟ ಕಟ್ಟುವ ಮೂವರೂ ಗಾಯದಿಂದ ಹೊರಗೆ. 42ನೇ ನಿಮಿಷದಲ್ಲಿ ಬ್ರೆನ್ನನ್ ಜಾನ್ಸನ್ ಗೋಲು ಬಂತು. ಆಮೇಲೆ ಟಾಟನ್‌ಹ್ಯಾಮ್ ಮಾಡಿದ್ದು ಪೊಸ್ಟೆಕೊಗ್ಲು ತಂಡ ಅಪರೂಪಕ್ಕೆ ಮಾಡುವ ಕೆಲಸ. ಹಿಂದೆ ಸರಿಯಿತು. ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟು ಗೋಲಿನ ಮುಂದೆ ಗೋಡೆ ಕಟ್ಟಿತು. ಇನ್ನೂ ಸುಮಾರು 12 ನಿಮಿಷ ಇರುವಾಗ ಗೋಲು ಹೊಡೆದ ಜಾನ್ಸನ್ ಅವರನ್ನೇ ಹೊರಗೆ ಕರೆದು ಇನ್ನೊಬ್ಬ ಡಿಫೆಂಡರ್‌ನನ್ನು ಇಳಿಸಿದರು. ಗೋಲುಗೆರೆ ದಾಟಲಿದ್ದ ಒಂದು ಚೆಂಡನ್ನು ವಾನ್ ಡೆ ವೆನ್ ಗಾಳಿಯಲ್ಲಿ ಹಾರಿ ಕಾಲಿನಿಂದ ಆಚೆ ತೆಗೆದರು. 1-0. ಕಪ್ ಬಂತು.

ಅಂದರೆ ಅವರ ಬದುಕಿನ ಅತಿ ದೊಡ್ಡ ಕಪ್ ಬಂದದ್ದು ಅವರ ಆಟದಿಂದಲ್ಲ. ಸೌತ್ ಮೆಲ್ಬರ್ನ್‌ನ ಹಳೆಯ ಎಡಬದಿ ಡಿಫೆಂಡರ್‌ಗೆ ಚೆನ್ನಾಗಿ ಗೊತ್ತಿದ್ದ ಆಟದಿಂದ. ಬೆಂಬಲಿಗರು ಇದನ್ನು ಪ್ರಬುದ್ಧತೆ ಎನ್ನುತ್ತಾರೆ: ಬೇಕಾದಾಗ ಬದಲಾಗಬಲ್ಲೆ ಎಂದು ಅವರು ತೋರಿಸಿದರು. ವಿಮರ್ಶಕರು ಅದೇ ಸಾಕ್ಷಿ ಇಟ್ಟುಕೊಂಡು ಕೇಳುತ್ತಾರೆ: ಬದಲಾಗಲು ಬರುತ್ತದೆ ಎಂದಾದರೆ ಲೀಗ್‌ನ 22 ಸೋಲುಗಳಲ್ಲಿ ಯಾಕೆ ಬದಲಾಗಲಿಲ್ಲ? ಈ ಪ್ರಶ್ನೆಗೆ ಸರಿಯಾದ ಉತ್ತರ ಇದುವರೆಗೆ ಸಿಕ್ಕಿಲ್ಲ.

ಕಪ್ ಇದ್ದೂ ಯಾಕೆ ತೆಗೆದರು?

ಟಾಟನ್‌ಹ್ಯಾಮ್ ಆಡಳಿತ ಮಂಡಳಿಯ ತೀರ್ಮಾನ ಸರ್ವಾನುಮತದ್ದು. ಅವರ ಪ್ರಕಟಣೆಯಲ್ಲಿ ಒಂದು ಲೆಕ್ಕ ಇತ್ತು: ಕೊನೆಯ 66 ಲೀಗ್ ಪಂದ್ಯಗಳಲ್ಲಿ 78 ಅಂಕ. ಮೊದಲ ಹತ್ತು ಪಂದ್ಯದ 26 ಅಂಕವನ್ನು ಪಕ್ಕಕ್ಕಿಟ್ಟರೆ ಉಳಿಯುವುದು ಇಷ್ಟೇ. ಅಂದರೆ ಪಂದ್ಯಕ್ಕೆ 1.2 ಅಂಕಕ್ಕಿಂತಲೂ ಕಡಿಮೆ. ಒಂದು ಕಪ್‌ನ ಭಾವನೆಯ ಮೇಲೆ ಮುಂದಿನ ತೀರ್ಮಾನ ಮಾಡಲಾಗದು ಎಂಬುದು ಅವರ ನಿಲುವು.

ಇದರ ಹಿಂದೆ ದುಡ್ಡಿನ ಲೆಕ್ಕ ಇದೆ. ಪ್ರೀಮಿಯರ್ ಲೀಗ್‌ನ ಟಿವಿ ಹಣದಲ್ಲಿ ಒಂದು ಭಾಗ ಸ್ಥಾನ ನೋಡಿ ಹಂಚಿಕೆಯಾಗುತ್ತದೆ. ಒಂದೊಂದು ಸ್ಥಾನಕ್ಕೂ ಸುಮಾರು 30 ಲಕ್ಷ ಪೌಂಡ್ ವ್ಯತ್ಯಾಸ. ಐದರಿಂದ 17ಕ್ಕೆ ಇಳಿದರೆ ನಷ್ಟ ಎಷ್ಟೆಂದು ಯಾರು ಬೇಕಾದರೂ ಗುಣಿಸಿ ನೋಡಬಹುದು. ಯುರೋಪಾ ಲೀಗ್ ಗೆದ್ದದ್ದರಿಂದ ಚಾಂಪಿಯನ್ಸ್ ಲೀಗ್‌ಗೆ ಟಿಕೆಟ್ ಸಿಕ್ಕಿತು, ಆ ಹಣ ನಷ್ಟವನ್ನು ತುಂಬಿಕೊಟ್ಟಿತು, ನಿಜ. ಆದರೆ ಕಪ್ ಪ್ರತಿ ವರ್ಷ ಬರುವುದಿಲ್ಲ. ಲೀಗ್ ಪ್ರತಿ ವರ್ಷ ಇರುತ್ತದೆ. ಬ್ಯಾಂಕು, ಪ್ರಾಯೋಜಕರು, ಹೊಸ ಕ್ರೀಡಾಂಗಣದ ಸಾಲ, ಇವೆಲ್ಲ ಲೀಗ್ ಸ್ಥಾನದ ಮೇಲೆ ನಿಂತಿವೆ. ಆಡಳಿತ ಮಂಡಳಿ ಕಪ್ ನೋಡಲಿಲ್ಲ ಎಂದಲ್ಲ. ನೋಡಿತು, ಆದರೆ ತೂಗಿದ್ದು ಲೀಗನ್ನು.

ಈ ಲೆಕ್ಕ ತಪ್ಪು ಎನ್ನುವುದು ಕಷ್ಟ. ಆದರೆ ಅರೆಬರೆ ಎನ್ನಬಹುದು. ಋತುವಿನ ಕೊನೆಯ ತಿಂಗಳುಗಳಲ್ಲಿ ತಂಡ ತನ್ನ ಒಳ್ಳೆಯ ಆಟಗಾರರನ್ನು ಲೀಗ್‌ನಿಂದ ಕಾಪಾಡಿಕೊಂಡು ಯುರೋಪಿನ ಪಂದ್ಯಗಳಿಗೆ ಮೀಸಲಿಟ್ಟಿತ್ತು. ಆ ಪಂದ್ಯಗಳ ಸೋಲನ್ನು ಮಾಮೂಲಿ ಸೋಲಿನ ಜೊತೆ ಸೇರಿಸಿ ಅಳೆಯುವುದು ನ್ಯಾಯವಲ್ಲ. ಇನ್ನೊಂದು, 2019ರಿಂದ ಈಚೆಗೆ ಪೊಚೆಟ್ಟಿನೊ, ಮೊರಿನ್ಯೊ, ನುನೊ, ಕಾಂಟೆ, ಹೀಗೆ ಒಬ್ಬರ ಹಿಂದೆ ಒಬ್ಬರನ್ನು ಕಳಿಸಿದ ಕ್ಲಬ್ ಇದು. ಮೊರಿನ್ಯೊ ಅವರನ್ನು ಕಪ್ ಫೈನಲ್‌ಗೆ ಒಂದು ವಾರ ಕೂಡ ಇಲ್ಲದಾಗ ತೆಗೆದರು. ಮ್ಯಾನೇಜರ್ ಬದಲಿಸಿದರೆ ಸರಿಹೋಗುತ್ತದೆ ಎಂದಿದ್ದರೆ ಯಾವಾಗಲೋ ಸರಿಹೋಗಬೇಕಿತ್ತಲ್ವಾ? ಬ್ರೆಂಟ್‌ಫರ್ಡ್‌ನಿಂದ ಥಾಮಸ್ ಫ್ರಾಂಕ್ ಅವರನ್ನು ಕರೆತಂದರು. ಸೆಪ್ಟೆಂಬರ್ 4ರಂದು, ಸುಮಾರು 25 ವರ್ಷ ಕ್ಲಬ್ ನಡೆಸಿದ ಅಧ್ಯಕ್ಷ ಡೇನಿಯಲ್ ಲೆವಿ ಅವರೂ ಹೊರನಡೆದರು.

ಫಾರೆಸ್ಟ್: ಜಾತಕ ನೋಡದ ಮದುವೆ

ನಾಟಿಂಗ್‌ಹ್ಯಾಮ್ ಫಾರೆಸ್ಟ್ ಹಳೆಯ ಹೆಮ್ಮೆಯ ಕ್ಲಬ್. 1979 ಮತ್ತು 1980ರಲ್ಲಿ ಸತತ ಎರಡು ಸಲ ಯುರೋಪಿಯನ್ ಕಪ್ ಗೆದ್ದದ್ದು. ಈಗಿನ ಮಾಲೀಕ ಗ್ರೀಸ್‌ನ ಹಡಗು ಉದ್ಯಮಿ ಇವಾಂಗೆಲೊಸ್ ಮರಿನಾಕಿಸ್. ಗ್ರೀಸ್‌ನ ಒಲಿಂಪಿಯಾಕೊಸ್ ಕ್ಲಬ್ ಕೂಡ ಅವರದೇ. 2024-25ರಲ್ಲಿ ನುನೊ ಎಸ್ಪಿರಿಟೊ ಸಾಂಟೊ ಅವರ ಕೈಯಲ್ಲಿ ಫಾರೆಸ್ಟ್ ಏಳನೇ ಸ್ಥಾನ ಪಡೆದು, ಸುಮಾರು 30 ವರ್ಷದ ನಂತರ ಯುರೋಪಿಗೆ ಕಾಲಿಟ್ಟಿತು.

ನುನೊ ತಂಡದ ಆಟ ಹೇಗಿತ್ತು? ಹಿಂದೆ ನಿಂತು ಕಾಯುವುದು. ಚೆಂಡು ಎದುರಾಳಿಯ ಹತ್ತಿರವೇ ಇರಲಿ. ಮಿಲೆಂಕೊವಿಚ್, ಮುರಿಲ್ಲೊ ಇಬ್ಬರೂ ಗೋಲಿನ ಮುಂದೆ ಗೋಡೆ. ಚೆಂಡು ಸಿಕ್ಕ ತಕ್ಷಣ ಎದುರಾಳಿಯ ಬೆನ್ನಹಿಂದಿನ ಖಾಲಿ ನೆಲಕ್ಕೆ ಓಟ, ಕೊನೆಯಲ್ಲಿ ಕ್ರಿಸ್ ವುಡ್ ಮುಗಿಸುವುದು. ಖರೀದಿಸಿದ ಆಟಗಾರರೆಲ್ಲ ಈ ಆಟಕ್ಕೆ ತಕ್ಕವರು. ಪೊಸ್ಟೆಕೊಗ್ಲು ಆಟಕ್ಕೆ ಇದು ತದ್ವಿರುದ್ಧ. ಆ ಋತುವಿನಲ್ಲಿ ಫಾರೆಸ್ಟ್ ಪೊಸ್ಟೆಕೊಗ್ಲು ಅವರ ಟಾಟನ್‌ಹ್ಯಾಮ್ ತಂಡವನ್ನು ಲೀಗ್‌ನ ಎರಡೂ ಪಂದ್ಯಗಳಲ್ಲಿ ಸೋಲಿಸಿತ್ತು, ಇದೇ ರೀತಿ ಕಾದು ಹೊಡೆದು.

ಹಾಗಿದ್ದೂ ಯಾಕೆ ಅವರನ್ನೇ ಕರೆದರು? ಆಗಸ್ಟ್‌ನಲ್ಲೇ ನುನೊ ಮತ್ತು ಮಾಲೀಕರ ಸಂಬಂಧ ಹಳಸಿದೆ ಎಂಬುದು ಬಹಿರಂಗವಾಗಿತ್ತು. ಸ್ವತಃ ನುನೊ ಅದನ್ನು ಪತ್ರಕರ್ತರ ಮುಂದೆ ಒಪ್ಪಿಕೊಂಡಿದ್ದರು. ಋತುವಿನ ಮೂರೇ ಪಂದ್ಯ ಆಗಿತ್ತು. ದೇಶದ ತಂಡಗಳ ಪಂದ್ಯಗಳಿಗಾಗಿ ಲೀಗ್ ನಿಲ್ಲುವ ಬಿಡುವಿನಲ್ಲಿ ನುನೊ ಹೋದರು. ಆಗ ಕೈಗೆ ಸಿಗುವ ದೊಡ್ಡ ಹೆಸರು, ಆಗಷ್ಟೇ ಕಪ್ ಗೆದ್ದವರು, ಮೇಲಾಗಿ ಗ್ರೀಕ್ ಮೂಲದವರು ಪೊಸ್ಟೆಕೊಗ್ಲು. ಕಾಯುವ ಆಟದಿಂದ ದಾಳಿ ಆಟಕ್ಕೆ, ಬರಿಯ ಸ್ಥಾನದಿಂದ ಕಪ್‌ಗಳ ಕಡೆಗೆ ಕ್ಲಬ್ಬನ್ನು ಎತ್ತಬೇಕು ಎಂಬ ಆಸೆ ಮಾಲೀಕರದ್ದು. ಆ ಆಸೆ ತಪ್ಪಲ್ಲ. ಆದರೆ ಅದಕ್ಕೆ ಬೇಕಾದ ಆಟಗಾರರು ಇರಲಿಲ್ಲ, ಖರೀದಿಯ ಅವಧಿ ಮುಗಿದಿತ್ತು, ಋತುಪೂರ್ವ ತರಬೇತಿಯೂ ಮುಗಿದಿತ್ತು. ಸೆಪ್ಟೆಂಬರ್ 9ರಂದು ನೇಮಕ, 13ರಂದು ಆರ್ಸೆನಲ್ ಎದುರು ಮೊದಲ ಪಂದ್ಯ. ವಾರದ ನಡುವೆ ಯುರೋಪಿನ ಅಥವಾ ಕಪ್ ಪಂದ್ಯ, ವಾರದ ಕೊನೆಗೆ ಲೀಗ್. ಕಲಿಸುವುದಕ್ಕೆ ದಿನವೇ ಇಲ್ಲ. ಖುಷ್ಕಿ ಹೊಲದಲ್ಲಿ ಭತ್ತ ನಾಟಿ ಮಾಡಿ, 40ನೇ ದಿನ ತೆನೆ ಎಲ್ಲಿ ಎಂದು ಕೇಳಿದ ಹಾಗಾಯಿತು.

ಆದದ್ದೇನು ಎಂದು ಎಂಟು ಪಂದ್ಯಗಳು ಹೇಳುತ್ತವೆ. ಆರ್ಸೆನಲ್ ಎದುರು 0-3. ಕೆಳದರ್ಜೆಯ ಸ್ವಾನ್ಸಿ ಎದುರು 2-0 ಮುಂದಿದ್ದು, ಮೂರು ಗೋಲು ಬಿಟ್ಟು (ಅದರಲ್ಲಿ ಎರಡು 90 ನಿಮಿಷ ಕಳೆದ ಮೇಲೆ) 2-3. ಬರ್ನ್‌ಲಿ ಮತ್ತು ಸ್ಪೇನ್‌ನ ಬೆಟಿಸ್ ಎದುರು ಡ್ರಾ. ಸಂಡರ್‌ಲ್ಯಾಂಡ್ ಎದುರು ಸೋಲು. ಮಿಡ್‌ಯೂಲೆನ್ ಎದುರು ಮತ್ತೆ ಸೋಲು, ಸೆಲ್ಟಿಕ್‌ನಲ್ಲಿ ಮೊದಲ ವರ್ಷ ಸೋಲಿಸಿದ್ದ ಅದೇ ಡೆನ್ಮಾರ್ಕ್ ತಂಡ. ಆ ರಾತ್ರಿಯೇ ಗ್ಯಾಲರಿ ತಿರುಗಿಬಿತ್ತು. ನ್ಯೂಕ್ಯಾಸಲ್, ಚೆಲ್ಸಿ ಎದುರು ಗೋಲೇ ಇಲ್ಲದ ಸೋಲು. ಗೆಲುವು ಒಂದೂ ಇಲ್ಲ. ಚೆಲ್ಸಿ ಪಂದ್ಯ ಮುಗಿಯುವ ಮುಂಚೆಯೇ ಮಾಲೀಕರು ತಮ್ಮ ಸೀಟು ಬಿಟ್ಟು ಎದ್ದು ಹೋಗಿದ್ದರು.

ಪಂದ್ಯದ ಹಿಂದಿನ ದಿನ ಪೊಸ್ಟೆಕೊಗ್ಲು ಪತ್ರಕರ್ತರ ಮುಂದೆ ದೀರ್ಘವಾಗಿ ಮಾತಾಡಿದ್ದರು. ತಮಗೆ ಸಮಯ ಕೊಟ್ಟ ಕಡೆಯೆಲ್ಲ ಕಥೆ ಕಪ್‌ನೊಂದಿಗೇ ಮುಗಿದಿದೆ ಎಂಬುದು ಆ ಮಾತಿನ ತಿರುಳು. ಅದು ಸುಳ್ಳಲ್ಲ ಎಂಬುದನ್ನು ಮೇಲೆ ನೋಡಿದೆವು. ಆದರೆ ಬ್ರಿಸ್ಬೇನ್, ಯೊಕೊಹಾಮಾ, ಸೆಲ್ಟಿಕ್ ಮೂರೂ ಕಡೆ ಅವರು ತಮಗೆ ಬೇಕಾದ ಆಟಗಾರರನ್ನು ತಂದು ತಂಡವನ್ನು ಹೊಸದಾಗಿ ಕಟ್ಟಿದ್ದರು. ಫಾರೆಸ್ಟ್‌ನಲ್ಲಿ ಅದು ಆಗುವಂತಿರಲಿಲ್ಲ, ಖರೀದಿಯ ಅವಧಿ ಮತ್ತೆ ತೆರೆಯುವ ಜನವರಿವರೆಗೆ ಅಂತೂ ಇಲ್ಲ. ಇದು ಗೊತ್ತಿದ್ದೂ ಕೆಲಸ ಒಪ್ಪಿಕೊಂಡದ್ದು ಅವರ ತಪ್ಪು. ಗೊತ್ತಿದ್ದೂ ಕೊಟ್ಟದ್ದು ಕ್ಲಬ್‌ನ ತಪ್ಪು. ಎರಡರಲ್ಲಿ ದೊಡ್ಡದು ಕ್ಲಬ್‌ನದು. ಒಂದು ತಂಡಕ್ಕೆ ಯಾವ ಆಟ ಒಗ್ಗುತ್ತದೆ ಎಂದು ನೋಡಿ ಮ್ಯಾನೇಜರ್ ಆರಿಸುವುದು ಕ್ಲಬ್‌ನ ಮೊದಲ ಕೆಲಸ.

ಇನ್ನು ಮುಂದೆ

ಫಾರೆಸ್ಟ್ ಬಿಟ್ಟಾಗ ಪೊಸ್ಟೆಕೊಗ್ಲು ಅವರಿಗೆ 60 ವರ್ಷ. ಇಂಗ್ಲೆಂಡಿನಲ್ಲಿ ಮತ್ತೊಂದು ದೊಡ್ಡ ಕ್ಲಬ್ ಬೇಗ ಕರೆಯುವುದು ಅನುಮಾನ. ಕರೆದರೂ ಋತುವಿನ ನಡುವೆ ಒಪ್ಪಿಕೊಳ್ಳುವ ಮುನ್ನ ಅವರು ಹತ್ತು ಸಲ ಯೋಚಿಸಬೇಕು. ಅವರ ಆಟಕ್ಕೆ ಜೂನ್‌ನಲ್ಲಿ ಶುರುವಾಗುವ ಕೆಲಸ ಬೇಕು, ಎರಡು ವರ್ಷ ಕಾಯುವ ಕ್ಲಬ್ ಬೇಕು.

ಇದರ ಪೆಟ್ಟು ಅವರೊಬ್ಬರಿಗೇ ಬೀಳುವುದಿಲ್ಲ ಎಂಬುದು ಬೇಸರದ ವಿಷಯ. ಆಸ್ಟ್ರೇಲಿಯಾ, ಜಪಾನ್ ಲೀಗ್‌ಗಳಲ್ಲಿ ದುಡಿದು ಪ್ರೀಮಿಯರ್ ಲೀಗ್‌ವರೆಗೆ ಬಂದ ಮ್ಯಾನೇಜರ್‌ಗಳು ತೀರಾ ವಿರಳ. ಅಲ್ಲಿನ ಗೆಲುವನ್ನು ಯುರೋಪಿನ ಕ್ಲಬ್‌ಗಳು ಗೆಲುವೆಂದೇ ಎಣಿಸುತ್ತಿರಲಿಲ್ಲ. ಬಿಲ್ಬಾವೊದ ರಾತ್ರಿ ಆ ಬಾಗಿಲನ್ನು ಒಂದಿಷ್ಟು ತೆರೆದಿತ್ತು. 39 ದಿನದ ಈ ದಾಖಲೆ ಅದನ್ನು ಮತ್ತೆ ಮುಚ್ಚಲು ನೆಪವಾಗಬಹುದು. ಏಷ್ಯಾದ ಕೋಚ್ ಒಬ್ಬರ ಹೆಸರು ಚರ್ಚೆಗೆ ಬಂದಾಗ ಫಾರೆಸ್ಟ್‌ನ ಎಂಟು ಪಂದ್ಯ ನೆನಪಾಗುತ್ತವೆಯೇ ಹೊರತು ಯೊಕೊಹಾಮಾದ 2019 ನೆನಪಾಗುವುದಿಲ್ಲ.

ಇನ್ನು ಫಾರೆಸ್ಟ್. ಪೊಸ್ಟೆಕೊಗ್ಲು ಹೋಗುವಾಗ, ನುನೊ ಇದ್ದಾಗಿನ ಮೂರೂ ಸೇರಿ ಲೀಗ್‌ನ ಎಂಟು ಪಂದ್ಯಗಳಲ್ಲಿ ತಂಡದ ಬಳಿ ಇದ್ದದ್ದು ಐದೇ ಅಂಕ. ಅಕ್ಟೋಬರ್ 21ರಂದು ಶಾನ್ ಡೈಚ್ ಬಂದರು. ಋತುವಿನ ಮೂರನೇ ಮ್ಯಾನೇಜರ್. ಡೈಚ್ ಕೂಡ ಹಳೆಯ ಡಿಫೆಂಡರ್. ಆದರೆ ಮ್ಯಾನೇಜರ್ ಆದ ಮೇಲೂ ಡಿಫೆಂಡರ್ ಆಗಿಯೇ ಉಳಿದವರು. ಹಿಂದೆ ನಿಲ್ಲು, ಗೋಲು ಬಿಡಬೇಡ, ಸಿಕ್ಕಿದಾಗ ಹೊಡೆ ಎನ್ನುವ ಆಟ ಅವರದು. ಅಂದರೆ ಆರು ವಾರ ಒಂದು ದಿಕ್ಕಿಗೆ ಎಳೆದ ಆಟಗಾರರನ್ನು ಮತ್ತೆ ಹಳೆಯ ದಿಕ್ಕಿಗೆ ತಿರುಗಿಸುವುದು. ಎರಡು ದಿನ ಕಳೆದು, 23ನೇ ತಾರೀಖು ರಾತ್ರಿ, ಯುರೋಪಾ ಲೀಗ್‌ನಲ್ಲಿ ಪೋರ್ಚುಗಲ್‌ನ ಬಲಿಷ್ಠ ಪೋರ್ಟೊ ತಂಡ ಫಾರೆಸ್ಟ್‌ನ ಮೈದಾನ ಸಿಟಿ ಗ್ರೌಂಡ್‌ಗೆ ಬಂತು. ಫಾರೆಸ್ಟ್‌ನಲ್ಲಿ ಇದ್ದದ್ದು ಅವೇ ಆಟಗಾರರು. ಎರಡು ಪೆನಾಲ್ಟಿ ಸಿಕ್ಕವು, ಎರಡೂ ಗೋಲಾದವು. ಪೋರ್ಟೊಗೆ ಒಂದೂ ಬಿಡಲಿಲ್ಲ. 2-0.